ಟೀವಿಯ ಮೇಲಿನ ತಂಬಿಗೆ

‘ಬೇಕಂತಲೇ’ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಮಕ್ಕಳು ಜಗಳವಾಡುತ್ತ ‘ಇವನು ಬೇಕಂತಲೇ ತಳ್ಳಿದ’ ಎಂದು ದೂರು ಹೇಳಿದರೂ ಸಾಕು, ನಾನು ಎದ್ದು ಬೇರೆ ಕೋಣೆಗೆ ಹೋಗುತ್ತೇನೆ. ಎಂಬತ್ತರ ದಶಕದ ನಡುವಿನಲ್ಲಿ ಯಶವಂತಪುರದ ಒಂದು ವಿಮಾ ಕಚೇರಿಯವರು ಆ ಮಾತನ್ನು ನನ್ನ ಅತ್ತೆಗೆ ಅಂಟಿಸಿದರು. ಅದನ್ನು ಕಿತ್ತು ಹಾಕಲು ನಾನು ಪಟ್ಟ ಪಾಡು ನನಗೇ ಗೊತ್ತು.

ಆಗ ನಾವು ಶೆಟ್ಟಿಹಳ್ಳಿಯಲ್ಲಿ ಎರಡು ಕೋಣೆ, ಅಡುಗೆ ಮನೆ, ಗೂಡಿನಂಥ ದೇವರ ಕೋಣೆ ಇದ್ದ ಬಾಡಿಗೆ ಮನೆಯಲ್ಲಿದ್ದೆವು. ಮನೆಯ ಹಿಂದೆ ರಾಗಿ ಹೊಲ, ಮುಂದೆ ಮಣ್ಣಿನ ರಸ್ತೆ. ನಾವು ಧಾರವಾಡದ ಕಡೆಯಿಂದ ಬಂದವರು. ನನ್ನ ಗಂಡ ಜಾಲಹಳ್ಳಿಯ ಹತ್ತಿರದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದರು. ನಾನು ಅದೇ ದಾರಿಯಲ್ಲಿದ್ದ ಒಂದು ಸಣ್ಣ ಕಂಪನಿಯಲ್ಲಿ ಟೈಪಿಸ್ಟ್. ಮದುವೆಯಾದ ಹೊಸದರಲ್ಲೇ ಅತ್ತೆ ಊರು ಬಿಟ್ಟು ನಮ್ಮ ಜೊತೆ ಬಂದರು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಇಡೀ ದಿನ ಮನೆ ಅವರದು.

ಟೀವಿ ಬಂದದ್ದು ನನ್ನ ಕಂಪನಿಯ ಸೊಸೈಟಿ ಸಾಲದಿಂದ. ಕಪ್ಪು ಬಿಳುಪಿನದು. ಮರದ ಪೆಟ್ಟಿಗೆ, ಎರಡೂ ಕಡೆಯಿಂದ ಎಳೆದು ಮುಚ್ಚುವ ಬಾಗಿಲು. ಅತ್ತೆ ಅದರ ಮೇಲೆ ತಾವೇ ಹೆಣೆದ ಕ್ರೋಶಾ ಬಟ್ಟೆ ಹೊದಿಸಿದ್ದರು. ಕಾರ್ಯಕ್ರಮ ಮುಗಿದ ಕೂಡಲೇ ಬಾಗಿಲು ಮುಚ್ಚಿ, ‘ಇನ್ನ ಮಲಗ್ಲಿ ಅದು’ ಎನ್ನುತ್ತಿದ್ದರು. ಸೊಸೆಯ ಸಂಬಳದಿಂದ ಬಂದ ವಸ್ತು ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದವರೂ ಅವರೇ.

ಟೀವಿಯ ಹಿಂದೆಯೇ ವಿಮೆಯೂ ಬಂತು. ಏಜೆಂಟರು ನಮ್ಮ ಕಡೆಯವರು, ಚಿಕ್ಕಬಾಣಾವರದಲ್ಲಿ ಮನೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ಯಾರಾದರೂ ‘ಹೆಂಗದೀರಿ’ ಎಂದು ನಮ್ಮ ಮಾತಿನಲ್ಲಿ ಕೇಳಿದರೆ ಸಾಕು, ನಾವು ಕರಗಿ ಹೋಗುತ್ತಿದ್ದೆವು. ಆತ ಒಂದು ಭಾನುವಾರ ಬಂದು, ಅತ್ತೆ ಬಡಿದ ಜೋಳದ ರೊಟ್ಟಿ ತಿಂದು, ಮನೆ ಸಾಮಾನಿನ ವಿಮೆಯ ಬಗ್ಗೆ ಹೇಳಿದರು.

‘ಅವ್ವಾರ, ಕಳವಾಗ್ಲಿ, ಸುಟ್ಟು ಹೋಗ್ಲಿ, ಕೈತಪ್ಪಿ ಒಡೀಲಿ, ರೊಕ್ಕ ಬರ್ತೈತಿ. ಬೇಕಂತ ಒಡದ್ರ ಅಷ್ಟ ಬರಂಗಿಲ್ಲ.’

ಅತ್ತೆ ನಕ್ಕರು. ‘ಬೇಕಂತ ಯಾರರ ಟೀವಿ ಒಡೀತಾರೇನ್ರಿ?’

ಎಲ್ಲರೂ ನಕ್ಕೆವು. ಸಾಲ ನನ್ನ ಸಂಬಳದಿಂದ ಕಡಿತವಾಗುತ್ತಿದ್ದುದರಿಂದ ಪಾಲಿಸಿ ನನ್ನ ಹೆಸರಿನಲ್ಲೇ ಆಯಿತು.

ಆ ವರ್ಷದ ಮಹಾನವಮಿ. ನಮ್ಮ ಕಡೆ ಖಂಡೇ ಪೂಜೆ ಎನ್ನುತ್ತಾರೆ, ಇಲ್ಲಿ ಆಯುಧ ಪೂಜೆ. ಊರಲ್ಲಾದರೆ ಕುಡಗೋಲು, ಕೊಡಲಿ, ತಕ್ಕಡಿ ಎಲ್ಲವನ್ನೂ ತೊಳೆದು ದೇವರ ಮುಂದೆ ಸಾಲಾಗಿ ಇಡುತ್ತಾರೆ. ಬಾಡಿಗೆ ಮನೆಯಲ್ಲಿ ನಮಗಿದ್ದದ್ದು ಈಳಿಗೆಮಣೆ, ಹೊಲಿಗೆ ಯಂತ್ರ, ಗಂಡನ ಸೈಕಲ್ಲು, ಒಂದು ಸ್ಪ್ಯಾನರ್. ಅವನ್ನೆಲ್ಲ ದೇವರ ಮುಂದೆ ತಂದಿಡಬಹುದು. ಟೀವಿಯನ್ನು ತರಲಾಗದು. ಹಾಗಾಗಿ ಅತ್ತೆ ದೇವರ ಸಾಮಾನನ್ನೇ ಟೀವಿಯ ಬಳಿಗೆ ಒಯ್ದರು. ಕ್ರೋಶಾ ಬಟ್ಟೆ ತೆಗೆದು, ಪೆಟ್ಟಿಗೆ ಒರೆಸಿ, ಮುಂದೆ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡು ಹೂವಿನ ಮಾಲೆ ಹಾಕಿದರು. ಮೇಲೆ ನೀರು ತುಂಬಿದ ತಾಮ್ರದ ತಂಬಿಗೆ, ಅದರಲ್ಲಿ ವೀಳ್ಯದೆಲೆ. ನೀರಿಲ್ಲದೆ ಯಾವ ಪೂಜೆ?

ಅಷ್ಟರಲ್ಲಿ ನನ್ನ ಗಂಡ ಕಾರ್ಖಾನೆಯ ಪೂಜೆ ಮುಗಿಸಿ, ಕಡ್ಲೆಪುರಿ ಪೊಟ್ಟಣ ಹಿಡಿದುಕೊಂಡು ಬಂದರು. ಅವರ ಕಾರ್ಖಾನೆಯಲ್ಲಿ ಒಂದು ರೂಢಿ. ಆರತಿ ಎತ್ತುವಾಗ ಯಂತ್ರಗಳನ್ನೆಲ್ಲ ಒಮ್ಮೆ ಖಾಲಿ ಓಡಿಸುತ್ತಾರೆ. ನಿಂತ ಯಂತ್ರಕ್ಕೆ ಪೂಜೆ ಮಾಡಿದರೆ ಮಲಗಿದವರಿಗೆ ಉಣಬಡಿಸಿದ ಹಾಗೆ ಎಂದು ಅವರ ಸೂಪರ್‌ವೈಸರ್ ಹೇಳುತ್ತಿದ್ದರಂತೆ. ಗಂಡನಿಗೆ ಹುರುಪು ಬಂತು.

‘ಯವ್ವಾ, ಟೀವಿ ಚಾಲೂ ಮಾಡಿ ಆರತಿ ಮಾಡ್ಬೇಕು ನೋಡು’ ಎಂದವರೇ ಸ್ವಿಚ್ ಒತ್ತಿದರು.

ಪರದೆಯ ಮೇಲೆ ಯಾರೋ ಕುರಿಗಳಿಗೆ ಲಸಿಕೆ ಹಾಕಿಸುವ ಬಗ್ಗೆ ರೈತರಿಗೆ ತಿಳಿಹೇಳುತ್ತಿದ್ದರು. ಆ ಮನುಷ್ಯನ ಮುಖಕ್ಕೆ ಅತ್ತೆ ಆರತಿ ಎತ್ತಿದರು. ನಾನು ಗಂಟೆ ಬಾರಿಸುತ್ತಿದ್ದೆ, ನಗು ತಡೆಯಲಾಗುತ್ತಿರಲಿಲ್ಲ. ಎರಡನೆಯ ಸುತ್ತು ತಿರುಗಿಸುವಾಗ ಆರತಿ ತಟ್ಟೆಯ ಅಂಚು ತಂಬಿಗೆಗೆ ತಗುಲಿತು. ಅದು ಹಿಂದಕ್ಕೆ ಮಗುಚಿತು. ನೀರು ಹಿಂಭಾಗದ ಕಿಂಡಿಗಳಿಂದ ಒಳಗಿಳಿಯಿತು. ಟಪ್ ಎಂದು ಒಂದು ಶಬ್ದ, ಸುಟ್ಟ ವಾಸನೆಯ ಹೊಗೆ. ಕುರಿ ಮಾಯ, ಮನುಷ್ಯ ಮಾಯ. ಗಂಡ ಓಡಿಹೋಗಿ ಮೇನ್ ತೆಗೆದರು. ಅತ್ತೆಯ ಕೈಯಲ್ಲಿ ಆರತಿ ಇನ್ನೂ ಉರಿಯುತ್ತಿತ್ತು.

ಮರುದಿನ ರಿಪೇರಿಯವರು ಬಂದು ಹಿಂಬದಿ ಬಿಚ್ಚಿ ನೋಡಿದರು. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದು ಪಿಕ್ಚರ್ ಟ್ಯೂಬಿನ ಕುತ್ತಿಗೆ ಸೀಳಿದೆ, ಜೊತೆಗೆ ಒಳಗಿನ ಬೋರ್ಡೂ ಸುಟ್ಟಿದೆ ಎಂದರು. ಟ್ಯೂಬು ಎಂದರೆ ಹೆಚ್ಚುಕಡಿಮೆ ಟೀವಿಯೇ. ಸಾಲದ ಕಂತು ಅರ್ಧವೂ ತೀರಿರಲಿಲ್ಲ.

ಆದರೆ ನನಗೆ ಸಂಕಟವಾದದ್ದು ಅದಕ್ಕಲ್ಲ. ಅಂದು ಸಂಜೆ ಮನೆ ಮಾಲೀಕರ ಹೆಂಡತಿ ಬಾಗಿಲಲ್ಲಿ ನಿಂತು, ‘ಪೂಜೆ ಟೇಮ್ನಾಗೆ ಇಂಗ್ ಆಗ್ಬಾರ್ದಿತ್ತು ಕಣಮ್ಮಿ. ಏನೋ ದೋಸ ಐತೆ, ಕೇಳ್ಸಿ’ ಎಂದು ಹೇಳಿ ಹೋದರು. ಅತ್ತೆ ಕೇಳಿಸಿಕೊಂಡರು. ದಸರೆಯ ಸಂಜೆ ನಮ್ಮ ಕಡೆಯವರು ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಎನ್ನುತ್ತಾರೆ. ಅಂದು ಬಂದವರಿಗೆಲ್ಲ ನಾನೇ ಬನ್ನಿ ಕೊಟ್ಟೆ. ಅತ್ತೆ ಅಡುಗೆ ಮನೆಯಿಂದ ಹೊರಗೆ ಬರಲಿಲ್ಲ. ಮಾರನೆಯ ಬೆಳಗ್ಗೆ ದೇವರ ದೀಪವನ್ನೂ ನನ್ನಿಂದಲೇ ಹಚ್ಚಿಸಿದರು. ‘ನನ್ನ ಕೈ ಬ್ಯಾಡವಾ’ ಎಂದರು. ಹುಟ್ಟಿದಾರಭ್ಯ ದೀಪ ಹಚ್ಚಿದ ಕೈ ಅದು.

ಏಜೆಂಟರು ಬಂದು ಧೈರ್ಯ ಹೇಳಿದರು. ಇದು ಪಕ್ಕಾ ಕೈತಪ್ಪಿ ಆದದ್ದು, ವಿಮೆಯವರು ಒಪ್ಪೇ ಒಪ್ಪುತ್ತಾರೆ ಎಂದರು. ಅತ್ತೆಯ ಮುಖದಲ್ಲಿ ಸ್ವಲ್ಪ ಬೆಳಕು ಕಂಡಿತು. ‘ಅವರು ಓದಿದವರು. ಬಂದು ನೋಡಿ ಅವರ ಹೇಳ್ಲಿ, ತಪ್ಪು ಯಾರದಂತ’ ಎಂದರು. ನನಗೆ ಬೇಕಿದ್ದದ್ದು ಟ್ಯೂಬಿನ ದುಡ್ಡು. ಅವರಿಗೆ ಬೇಕಿದ್ದದ್ದು ಬೇರೆ. ದೇವಿ ಮುನಿದಿಲ್ಲ, ಕೈ ಕೆಟ್ಟಿಲ್ಲ, ಬರೀ ತಟ್ಟೆ ತಗುಲಿತು ಅಷ್ಟೇ ಎಂದು ಹೊರಗಿನವರೊಬ್ಬರು ಹೇಳಬೇಕಿತ್ತು. ನಾವು ಎಷ್ಟು ಹೇಳಿದರೂ ಅವರಿಗೆ ಅದು ಮನೆಯವರ ಸಮಾಧಾನದ ಮಾತು.

ವಿಮೆಯವರು ಕಳಿಸಿದ ಸರ್ವೇಯರ್ ಒಂದು ಶನಿವಾರ ಮಧ್ಯಾಹ್ನ ಬಂದರು. ಇಸ್ತ್ರಿ ಮಾಡಿದ ಸಫಾರಿ, ಕಂಕುಳಲ್ಲಿ ರೆಕ್ಸಿನ್ ಬ್ಯಾಗು. ಅತ್ತೆ ನೆಲದ ಮೇಲೆ ಕೂತಿದ್ದರು, ಆತ ನಮ್ಮ ಮನೆಯ ಒಂದೇ ಕುರ್ಚಿಯ ಮೇಲೆ. ಚಹಾ, ಚುರುಮುರಿ ಎಲ್ಲ ಆದ ಮೇಲೆ ವಿಚಾರಣೆ ಶುರುವಾಯಿತು. ವಿಚಾರಣೆ ಅಲ್ಲದೆ ಅದನ್ನು ಏನೆಂದು ಕರೆಯಲಿ?

‘ನೀರು ಯಾರಮ್ಮ ಇಟ್ಟಿದ್ದು?’

‘ನಾನ ಇಟ್ಟೇನ್ರಿ.’

‘ಒಳಗಡೆ ಕರೆಂಟ್ ಇದೆ ಅಂತ ಗೊತ್ತಿತ್ತಾ?’

‘ಗೊತ್ತಿತ್ರಿ. ಚಾಲೂ ಇತ್ತಲ್ರಿ.’

‘ಅಂದ್ರೆ ಗೊತ್ತಿದ್ದೂ ಗೊತ್ತಿದ್ದೂ ಬೇಕಂತಲೇ ಇಟ್ರಿ.’

‘ಹೌದ್ರಿ, ಇಡೂದು ಬೇಕಂತನ ಇಟ್ಟೆ. ಪೂಜಿಗೆ ಇಡಬೇಕಲ್ರಿ. ಬೀಳ್ಸಿದ್ದು ಬೇಕಂತ ಅಲ್ರಿ.’

ಆತ ಮೊದಲರ್ಧ ಬರೆದುಕೊಂಡರು. ಎರಡನೆಯ ಅರ್ಧ ಬರುವ ಹೊತ್ತಿಗೆ ಪೆನ್ನಿನ ಟೋಪಿ ಮುಚ್ಚಿದ್ದರು. ನಾನು ಎದುರಿಗೇ ನಿಂತು ನೋಡುತ್ತಿದ್ದೆ. ‘ಅದನ್ನೂ ಬರ್ಕೊಳ್ರಿ’ ಎಂದೆ. ‘ಎಲ್ಲಾ ತಲೇಲಿದೆ ಮೇಡಂ’ ಎಂದರು. ಆ ತಲೆಯ ಮೇಲೆ ಉಳಿದ ಚಹಾ ಸುರಿಯಬೇಕೆನ್ನಿಸಿತು. ಸುರಿಯಲಿಲ್ಲ. ಸುರಿದಿದ್ದರೆ ಅದು ನಿಜವಾಗಿಯೂ ಬೇಕಂತಲೇ ಮಾಡಿದ್ದಾಗುತ್ತಿತ್ತು.

ಹೊರಡುವ ಮುನ್ನ ಆತ ದನಿ ತಗ್ಗಿಸಿ ಉಪಕಾರ ಮಾಡುವವರ ಹಾಗೆ ಹೇಳಿದರು. ‘ನೋಡಿ ಮೇಡಂ, ಬೆಕ್ಕು ಹಾರಿ ಬೀಳಿಸ್ತು ಅಂತ ಬರ್ಕೊಟ್ಬಿಡಿ. ಪೂಜೆ ಗೀಜೆ ಅಂದ್ರೆ ಮೇಲಿನೋರು ಒಪ್ಪಲ್ಲ. ಬೆಕ್ಕನ್ನ ಯಾರೂ ಪ್ರಶ್ನೆ ಕೇಳಲ್ಲ ನೋಡಿ.’

‘ನಮ್ಮನ್ಯಾಗ ಬೆಕ್ಕ ಇಲ್ರಿ’ ಎಂದರು ಅತ್ತೆ.

‘ಪಕ್ಕದ್ಮನೆ ಬೆಕ್ಕು ಅನ್ನಿ ಅಜ್ಜಿ. ಏನೀಗ?’

‘ದೇವರ ಮುಂದ ಆಗಿದ್ದನ್ನ ಒಂದ್ ಬೆಕ್ಕಿನ ಮ್ಯಾಲ ಹಾಕಾಕ ನನಗಾಗೂದಿಲ್ರಿ.’

ಆತ ನನ್ನ ಕಡೆ ನೋಡಿ, ಇವರಿಗೆ ಬುದ್ಧಿ ಹೇಳಿ ಎನ್ನುವಂತೆ ಹುಬ್ಬು ಹಾರಿಸಿದರು. ಸುಳ್ಳು ಹೇಳಿದರೆ ದುಡ್ಡು, ನಿಜ ಹೇಳಿದರೆ ಇಲ್ಲ. ಇಷ್ಟನ್ನು ಚಹಾ ಕುಡಿಯುತ್ತ ಹೇಳಲು ಆ ಮನುಷ್ಯನಿಗೆ ಒಂದಿಷ್ಟೂ ಮುಜುಗರವಿರಲಿಲ್ಲ.

ಕೆಲವು ವಾರಗಳ ನಂತರ ಏಜೆಂಟರು ಬಂದರು. ಒಳಗೆ ಬರಲಿಲ್ಲ, ಚಪ್ಪಲಿ ಬಿಡಲಿಲ್ಲ. ಬಾಗಿಲಲ್ಲೇ ನಿಂತು ‘ಆಗಂಗಿಲ್ಲಂತ್ರಿ’ ಎಂದರು. ಯಾಕಂತೆ ಎಂದು ಕೇಳಿದ್ದು ನಾನಲ್ಲ, ಅತ್ತೆ.

‘ಬೇಕಂತ ಮಾಡಿದ್ದಂತ ಬರದಾರ್ರಿ, ಅವ್ವಾರ.’

ಅತ್ತೆ ಒಳಗೆ ಹೋದರು. ಅಂದಿನಿಂದ ದೇವರ ಕೋಣೆಯ ಹೊಸ್ತಿಲನ್ನೂ ದಾಟಲಿಲ್ಲ. ಸ್ನಾನ ಮಾಡಿ ಬಂದು ದೂರದಿಂದಲೇ ಕೈ ಮುಗಿಯುತ್ತಿದ್ದರು, ತಮ್ಮ ಮನೆಯಲ್ಲೇ ಹೊರಗಿನವರಾಗಿ. ಹಬ್ಬದ ಹೋಳಿಗೆಗೆ ಕೈ ಹಾಕಲಿಲ್ಲ. ಮಾತೂ ಕಡಿಮೆಯಾಯಿತು. ನನ್ನ ಗಂಡ, ‘ಹೋಗ್ಲಿ ಬಿಡು, ಒಂದ್ ಟೀವಿ ತಾನ’ ಎಂದರು. ಸ್ವಿಚ್ ಒತ್ತಿದವರು ಅವರು! ಅವರ ಮೇಲೂ ನಾನು ರೇಗಿದೆ. ಟೀವಿ ಹಾಳಾಗಿ ಹೋಗಲಿ, ನಿಮ್ಮ ತಾಯಿಯನ್ನು ನೋಡಿದ್ದೀರಾ ಎಂದೆ. ಅವರು ಸೈಕಲ್ ಹತ್ತಿ ಸೆಕೆಂಡ್ ಶಿಫ್ಟಿಗೆ ಹೋದರು.

ನಾನು ಅರ್ಧ ದಿನ ರಜೆ ಹಾಕಿ ಯಶವಂತಪುರಕ್ಕೆ ಬಸ್ ಹತ್ತಿದೆ. ಕಚೇರಿ ಒಂದು ಬಣ್ಣದ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಏನೇನು ಕೇಳಬೇಕೆಂದು ಸಾಲಾಗಿ ಜೋಡಿಸಿಕೊಂಡಿದ್ದೆ. ಬಾಗಿಲಿಗೆ ಬಂದ ಕೂಡಲೇ ಎಲ್ಲ ಮರೆತುಹೋಯಿತು.

ಬಾಗಿಲ ಎರಡೂ ಕಡೆ ಒಣಗಿದ ಬಾಳೆಕಂದು. ಒಳಗೆ ಪ್ರತಿ ಟೈಪ್‌ರೈಟರಿನ ಹಣೆಗೆ ವಿಭೂತಿ, ಕುಂಕುಮ. ಟೆಲಿಫೋನಿಗೆ ಕುಂಕುಮ. ಕಬ್ಬಿಣದ ಬೀರುವಿಗೆ ಕುಂಕುಮ. ಗೋಡೆಯ ಪಕ್ಕದ ಮೇಜಿನಲ್ಲಿ ಒಂದು ಕರೆಂಟಿನ ಲೆಕ್ಕದ ಯಂತ್ರ. ಅದರ ನೆತ್ತಿಯ ಮೇಲೆ ಕುಂಕುಮದ ನೀರು ಒಣಗಿ ಬಳೆಯಷ್ಟು ಅಗಲದ ಗುರುತಾಗಿತ್ತು. ಚೊಂಬಿನ ತಳದ ಗುರುತು. ನಾನು ದಿನಾ ತಂಬಿಗೆ ತಿಕ್ಕುವ ಹೆಂಗಸು, ತಾಮ್ರದ ತಳ ಯಾವ ಗುರುತು ಬಿಡುತ್ತದೆ ಎಂದು ನನಗೆ ಗೊತ್ತು.

ಮ್ಯಾನೇಜರ್ ಸಭ್ಯರು. ಕೂರಿಸಿದರು, ಫೈಲು ತರಿಸಿದರು, ‘ನಮ್ಮ ಕೈಲೇನಿದೆ ಮೇಡಂ, ರೂಲ್ಸು’ ಎಂದರು. ನಾನು ಆ ಲೆಕ್ಕದ ಯಂತ್ರದ ಕಡೆ ಬೆರಳು ತೋರಿಸಿದೆ.

‘ಅದರ ಮೇಲೆ ಏನಿಟ್ಟಿದ್ರಿ?’

‘ಯಾವ್ದು? ಓ, ಅದಾ. ಕಳಶ. ಆಯುಧ ಪೂಜೆ ಅಲ್ವಾ.’

‘ನೀರಿತ್ತಾ ಅದರಲ್ಲಿ?’

‘ಕಳಶ ಅಂದ್ಮೇಲೆ ನೀರಿರಲ್ವಾ?’ ಅವರು ನಕ್ಕರು.

‘ಬೇಕಂತಲೇ ಇಟ್ರಾ?’

ನಗು ನಿಂತಿತು. ಅತ್ತ ಯಾರೋ ಕಿಸಕ್ಕೆಂದರು. ‘ಅದು ಆಫೀಸ್ ಮೇಡಂ. ಅದಕ್ಕೂ ಇದಕ್ಕೂ ಏನ್ ಸಂಬಂಧ?’ ಎಂದರು ಮ್ಯಾನೇಜರ್.

ಆಗ ನಾನು ಬೆಂಗಳೂರಿನ ಮಾತು ಮರೆತೆ. ಕಂಪನಿಯಲ್ಲಿ ಎಚ್ಚರದಿಂದ ಆಡುತ್ತಿದ್ದ ಮಾತೆಲ್ಲ ಬಿಟ್ಟುಹೋಗಿ, ಹುಟ್ಟಿದೂರಿನ ಮಾತು ಬಾಯಿಗೆ ಬಂತು. ‘ಸಂಬಂಧ ಏನೈತಿ ಹೇಳ್ಲ್ಯಾ? ನೀವೂ ಇಟ್ರಿ, ನಾವೂ ಇಟ್ವಿ. ನಿಮ್ದು ಬೀಳಲಿಲ್ಲ, ನಮ್ದು ಬಿತ್ತು. ಅಷ್ಟ! ಬೀಳೂದ ಇಲ್ಲಂದ್ರ ನಿಮ್ಮ ವಿಮಾ ಯಾರಿಗೆ ಬೇಕಿತ್ರೀ? ಬಿದ್ದಾಗ ಕೊಡ್ತೇವಿ ಅಂತನ ಅಲ್ಲೇನ್ರೀ ನೀವು ವರ್ಷಾ ವರ್ಷಾ ಇಸ್ಕೊಳ್ಳೂದು?’

ಇಡೀ ಕಚೇರಿ ನನ್ನ ಕಡೆ ನೋಡುತ್ತಿತ್ತು. ನೋಡಲಿ. ನನಗೆ ನಾಚಿಕೆಯಾಗಲಿಲ್ಲ, ಈಗಲೂ ಆಗುವುದಿಲ್ಲ. ಆ ಮುದುಕಿ ತನ್ನ ದೇವರ ಕೋಣೆಗೆ ಹೋಗಲು ಅಂಜುತ್ತಿದ್ದಾಳೆ, ನಿಮ್ಮ ಒಂದು ಮಾತಿನಿಂದ ಎಂದು ಕೂಗಿದೆ. ಅತ್ತೆಯನ್ನು ಮುದುಕಿ ಎಂದದ್ದು ಅದೊಂದೇ ಸಲ.

ಮ್ಯಾನೇಜರ್ ನೀರು ತರಿಸಿದರು. ಫೈಲು ತಿರುವಿದರು. ಸ್ವಲ್ಪ ಹೊತ್ತಾದ ಮೇಲೆ, ‘ವಯಸ್ಸಾದೋರು, ಪಾಪ. ಏನೋ ಒಂದಿಷ್ಟು ಕೊಡ್ಸೋಣ ಬಿಡಿ. ಆದ್ರೆ ಫೈಲ್‌ಗೆ ಒಂದು ಲೆಟರ್ ಬೇಕು’ ಎಂದರು. ಲೆಟರಿನಲ್ಲಿ ಏನಿರಬೇಕೆಂಬುದನ್ನೂ ಅವರೇ ಹೇಳಿದರು. ಮನೆಯವರು ತಿಳಿದೂ ತಿಳಿದೂ ಬೇಕಂತಲೇ ಟೀವಿಯ ಮೇಲೆ ನೀರಿಟ್ಟದ್ದು ನಿಜ. ತಪ್ಪು ನಮ್ಮದೇ. ಕಂಪನಿ ಕನಿಕರದಿಂದ ಕೊಟ್ಟಷ್ಟನ್ನು ತೆಗೆದುಕೊಂಡು ಇನ್ನು ಮುಂದೆ ಏನೂ ಕೇಳುವುದಿಲ್ಲ.

ಕನಿಕರ! ಕಂತು ಕಟ್ಟಿಸಿಕೊಂಡವರಿಗೆ ಕನಿಕರ. ಎದ್ದು ಬರಬೇಕಿತ್ತು ಅನ್ನುವವರು ಅನ್ನಲಿ. ನಾನು ಯೋಚಿಸಿದ್ದು ಇಷ್ಟೇ: ಟೀವಿ ಮತ್ತೆ ಹತ್ತಿದರೆ, ವಿಮೆಯವರು ಒಪ್ಪಿದರೆಂದು ಅತ್ತೆ ನಂಬಿಯಾರು. ಬರೀಗೈಯಲ್ಲಿ ಹೋಗಿ ನಾನು ಏನು ಹೇಳಿದರೂ ಅವರು ನಂಬುವುದಿಲ್ಲ.

‘ಆಯ್ತು, ಟೈಪ್ ಮಾಡ್ಸಿ, ಸೈನ್ ಮಾಡ್ತೀನಿ’ ಎಂದೆ.

‘ನಮ್ಮ ಟೈಪಿಸ್ಟ್ ಇವತ್ತು ರಜ. ಇಲ್ಲಿ ಪೇಪರ್‌ನಲ್ಲಿ ನೋಡಿದ್ರೆ ನೀವೂ ಟೈಪಿಸ್ಟೇ ಅಲ್ವಾ?’ ಮ್ಯಾನೇಜರ್ ಖಾಲಿ ಮೇಜೊಂದರ ಕಡೆ ಕೈ ತೋರಿಸಿದರು. ‘ಎರಡು ನಿಮಿಷ, ನೀವೇ ಹೊಡೆದ್ಬಿಡಿ.’

ಹೊಡೆದೆ. ಹಣೆಗೆ ವಿಭೂತಿ ಇಟ್ಟುಕೊಂಡ, ಮಗ್ಗುಲಲ್ಲಿ ಒಣ ಚೆಂಡು ಹೂವು ಸಿಕ್ಕಿಸಿಕೊಂಡ ಆ ಟೈಪ್‌ರೈಟರಿನ ಮುಂದೆ ಕೂತು, ನನ್ನ ಅತ್ತೆ ಬೇಕಂತಲೇ ಮಾಡಿದರು ಎಂದು ಇಂಗ್ಲಿಷಿನಲ್ಲಿ, ಒಂದು ತಪ್ಪೂ ಇಲ್ಲದೆ ಹೊಡೆದೆ. ಕೀಲಿಗಳನ್ನು ಎಷ್ಟು ಜೋರಾಗಿ ಕುಟ್ಟಿದೆನೆಂದರೆ ಪೂರ್ಣವಿರಾಮಗಳು ಕಾಗದದಲ್ಲಿ ತೂತು ಮಾಡಿದವು. ಕಾಗದ ಎಳೆಯುವಾಗ ಕುಂಕುಮ ಬೆರಳಿಗೆಲ್ಲ ಮೆತ್ತಿಕೊಂಡಿತು. ‘ನೀಟಾಗಿದೆ’ ಎಂದರು ಮ್ಯಾನೇಜರ್.

ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದರು. ನನ್ನ ಬೆರಳು ನೋಡಿದರು.

‘ಗುಡಿಗೆ ಹೋಗಿದ್ದ್ಯೇನವಾ?’

‘ಇಲ್ರಿ. ವಿಮಾ ಆಫೀಸಿಗೆ.’

ಮೊರವನ್ನು ಕೆಳಗಿಟ್ಟರು. ‘ಏನಂದ್ರು?’

‘ಕೈತಪ್ಪಿ ಆಗೇತಂತ ಒಪ್ಪಿದ್ರು, ಅತ್ತಿ.’

‘ಬೆಕ್ಕ ಅಂತ ಹೇಳಲಿಲ್ಲಲ್ಲ?’

‘ಇಲ್ರಿ. ಪೂಜಿ ಅಂತನ ಹೇಳಿದೆ.’

ಅವರು ನನ್ನ ಮುಖವನ್ನೇ ನೋಡಿದರು. ನಾನೂ ನೋಡಿದೆ, ಕಣ್ಣು ತಪ್ಪಿಸಲಿಲ್ಲ. ಬೆಕ್ಕಿನ ಮೇಲೆ ಹಾಕಲೊಲ್ಲದ ಆ ಹೆಂಗಸಿಗೆ ನಾನು ಸುಳ್ಳು ಹೇಳಿದೆ. ಬೇಕಂತಲೇ ಹೇಳಿದೆ. ಅದಕ್ಕಾಗಿ ನನಗೆ ಯಾವ ಸಂಕೋಚವೂ ಇಲ್ಲ. ಸಿಟ್ಟಿರುವುದು ಅದನ್ನು ನನ್ನ ಬಾಯಲ್ಲಿ ಹೇಳಿಸಿದವರ ಮೇಲೆ. ಅತ್ತೆ ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬಂದರು. ದೇವರ ಕೋಣೆಯಲ್ಲಿ ಕಡ್ಡಿ ಗೀರಿದ ಸದ್ದು ಕೇಳಿಸಿತು. ನಾನು ಉಳಿದ ಅಕ್ಕಿ ಆರಿಸಿದೆ.

ಅವರು ಕೊಟ್ಟದ್ದು ಟ್ಯೂಬಿಗೂ ಸಾಲಲಿಲ್ಲ, ಉಳಿದದ್ದನ್ನು ನಾವೇ ಹಾಕಿ ರಿಪೇರಿ ಮಾಡಿಸಿದೆವು. ಟೀವಿ ಹತ್ತಿತು. ಮನೆ ಮಾಲೀಕರ ಹೆಂಡತಿಯನ್ನು ಅತ್ತೆ ತಾವೇ ಕರೆದು ಕೂರಿಸಿ, ದೋಷವೂ ಇಲ್ಲ ಏನೂ ಇಲ್ಲ, ವಿಮೆಯವರೇ ನೋಡಿ ಒಪ್ಪಿದ್ದಾರೆ ಎಂದು ಹೇಳಿದರು. ಪಾಲಿಸಿ ಮುಗಿದ ಮೇಲೆ ನಾನು ಅದನ್ನು ಮುಂದುವರಿಸಲಿಲ್ಲ. ಏಜೆಂಟರು ಬಂದಾಗ ರೊಟ್ಟಿ ಹಾಕಿ ಕಳಿಸಿದೆ, ದುಡ್ಡು ಕೊಡಲಿಲ್ಲ. ಅತ್ತೆಗೆ ಹೇಳಲೂ ಇಲ್ಲ.

ಮುಂದಿನ ವರ್ಷದ ಖಂಡೇ ಪೂಜೆಗೆ ಅತ್ತೆ ಟೀವಿಯನ್ನು ಒರೆಸಿದರು, ವಿಭೂತಿ ಎಳೆದರು, ಮಾಲೆ ಹಾಕಿದರು. ಆಮೇಲೆ ಅದೇ ತಾಮ್ರದ ತಂಬಿಗೆಯಲ್ಲಿ ಕಂಠದವರೆಗೆ ನೀರು ತುಂಬಿ ತಂದು ಅದೇ ಜಾಗದಲ್ಲಿಟ್ಟರು. ಮಗನಿಗೆ ‘ಚಾಲೂ ಮಾಡು’ ಎಂದರು. ನನ್ನ ಗಂಡ ನನ್ನ ಮುಖ ನೋಡಿ, ಸ್ವಿಚ್ ಒತ್ತಿದರು. ನಾನು ಗಂಟೆಯನ್ನು ಅವರ ಕೈಗೆ ಕೊಟ್ಟು, ಹೋಗಿ ಎರಡೂ ಕೈಯಲ್ಲಿ ತಂಬಿಗೆ ಹಿಡಿದುಕೊಂಡು ನಿಂತೆ.

‘ಅದನ್ಯಾಕ ಹಿಡ್ಕೊಂಡು ನಿಂತಿ?’

‘ಬಿದ್ದೀತ್ರಿ, ಅತ್ತಿ.’

‘ಬಿದ್ರ ಬೀಳ್ಲಿ. ನಾವೇನ್ ಬೇಕಂತ ಬೀಳಸ್ತೇವೇನು? ಕೈತಪ್ಪಿದ್ರ ಅವರು ಒಪ್ಪತಾರಂತ ನೀನ ಹೇಳಿದ್ದ್ಯಲ್ಲ.’

ಅವರು ಆರತಿ ಹಚ್ಚಿ ತಟ್ಟೆ ಎತ್ತಿದರು. ನಾನು ತಂಬಿಗೆ ಬಿಟ್ಟು ಹಿಂದೆ ಸರಿದೆ.